ಧನುರ್ಮಾಸದಲ್ಲಿ ಮನೆ ಮಾರಾಟ: ಕಾಯುವುದೋ, ಕೊಡುವುದೋ?

ಡಿಸೆಂಬರ್ ತಿಂಗಳ ಮಧ್ಯಭಾಗದಲ್ಲಿ ಸೂರ್ಯನು ಧನು ರಾಶಿಯನ್ನು ಪ್ರವೇಶಿಸಿದ ದಿನದಿಂದ ಮಕರ ಸಂಕ್ರಾಂತಿಯವರೆಗೆ ಕರ್ನಾಟಕದ ಊರುಗಳಲ್ಲಿ ಮನೆ, ನಿವೇಶನಗಳ ದಲ್ಲಾಳಿಗಳ ದೂರವಾಣಿ ಬಹುಮಟ್ಟಿಗೆ ಮೌನವಾಗಿರುತ್ತದೆ. ನವೆಂಬರ್‌ನಲ್ಲಿ ಉತ್ಸಾಹದಿಂದ ಮನೆ ನೋಡಿ ಹೋದವರೂ "ಸಂಕ್ರಾಂತಿ ಕಳೆಯಲಿ, ಮಾತಾಡೋಣ" ಎನ್ನುತ್ತಾರೆ. ಮನೆ ಮಾರಲೇಬೇಕಾದ ಅಗತ್ಯವಿಲ್ಲದವರಿಗೆ ಇದರಿಂದ ನಷ್ಟವೇನೂ ಇಲ್ಲ. ಆದರೆ ಮನೆಯನ್ನೇ ಅಡಮಾನವಿಟ್ಟು ದುಡಿಯುವ ಬಂಡವಾಳ ಪಡೆದಿರುವ ಸಣ್ಣ ಉದ್ಯಮಿಗೆ, ದೀಪಾವಳಿಯ ಸರಕಿನ ಬಾಕಿ ವಸೂಲಾಗದೆ ಕುಳಿತಿರುವ ವರ್ತಕನಿಗೆ ಈ ಒಂದೆರಡು ತಿಂಗಳು ವರ್ಷದಲ್ಲೇ ಅತ್ಯಂತ ದುಬಾರಿಯಾಗಿ ಪರಿಣಮಿಸಬಲ್ಲವು.

ಚಳಿಗಾಲದಲ್ಲಿ ಮನೆಯ ವ್ಯಾಪಾರ ನಿಧಾನವಾಗುವುದು ನಮ್ಮಲ್ಲಿ ಮಾತ್ರವೇನಲ್ಲ. ಅಮೆರಿಕ, ಕೆನಡಾಗಳಲ್ಲೂ ಹಿಮ ಬೀಳುವ ತಿಂಗಳುಗಳಲ್ಲಿ ಮಾರಾಟ ಕಡಿಮೆಯಾಗಿ ವಸಂತ ಋತುವಿನಲ್ಲಿ ಮತ್ತೆ ಗರಿಗೆದರುತ್ತದೆ. ಅಲ್ಲಿ ವ್ಯಾಪಾರವನ್ನು ತಡೆಯುವುದು ಹವಾಮಾನ ಮತ್ತು ಶಾಲಾ ವರ್ಷ. ಇಲ್ಲಿ ತಡೆಯುವುದು ಪಂಚಾಂಗ. ಹಿಮವನ್ನು ಯಾರೂ ಭಾಗ ಮಾಡಲಾರರು. ಆದರೆ ಪಂಚಾಂಗದ ನಿಷೇಧವು ಯಾವ ಕಾರ್ಯಕ್ಕೆ, ಯಾವ ಕಾರ್ಯಕ್ಕಲ್ಲ ಎಂಬುದನ್ನು ಬಿಡಿಸಿ ನೋಡಬಹುದು. ಮಾರುವವನ ಅನುಕೂಲವೆಲ್ಲ ಇರುವುದು ಹೀಗೆ ಬಿಡಿಸಿ ನೋಡುವುದರಲ್ಲಿ.

ಶೂನ್ಯ ಮಾಸ ಎಂದರೆ ಏನು ಶೂನ್ಯ?

ಧನುರ್ಮಾಸವು ಅಶುಭ ಮಾಸವಲ್ಲ. ನಸುಕಿನಲ್ಲೇ ದೇವಸ್ಥಾನಗಳಲ್ಲಿ ಪೂಜೆಯಾಗಿ ಹುಗ್ಗಿಯ ನೈವೇದ್ಯ ನಡೆಯುವ ಈ ತಿಂಗಳನ್ನು ಹಿರಿಯರು ದೇವರ ಕಾರ್ಯಕ್ಕೆ ಮೀಸಲಿಟ್ಟು ವಿವಾಹ, ಗೃಹಪ್ರವೇಶದಂತಹ ಲೌಕಿಕ ಮಂಗಳ ಕಾರ್ಯಗಳನ್ನು ಮುಂದೂಡಿದರು. ಇದು ಸೌರಮಾನದ ಲೆಕ್ಕ. ಇದರ ಜೊತೆಗೆ ಚಾಂದ್ರಮಾನದ ಪುಷ್ಯ ಮಾಸದಲ್ಲಿಯೂ ಗೃಹಪ್ರವೇಶ ಮಾಡುವ ರೂಢಿಯಿಲ್ಲ. ಎರಡೂ ಒಂದರ ಮೇಲೊಂದು ಬಿದ್ದ ವರ್ಷ ಬಿಡುವು ಒಂದು ತಿಂಗಳಿಗೆ ಮುಗಿಯುತ್ತದೆ; ಸರಿದು ಬಿದ್ದ ವರ್ಷ ಅದು ಎರಡು ತಿಂಗಳ ಹತ್ತಿರಕ್ಕೆ ಹಿಗ್ಗುತ್ತದೆ. 2026ರ ಜನವರಿಯಲ್ಲಿ ಸಂಕ್ರಾಂತಿಯ ನಂತರ ನಾಲ್ಕೈದು ದಿನಗಳಲ್ಲೇ ಪುಷ್ಯ ಮುಗಿದು ಮಾಘ ಆರಂಭ. ಆದರೆ 2026 ಅಧಿಕ ಜ್ಯೇಷ್ಠದ ವರ್ಷವಾದ್ದರಿಂದ ಅದರ ಮುಂದಿನ ಪುಷ್ಯವು 2027ರ ಜನವರಿ ಎರಡನೆಯ ವಾರದಿಂದ ಫೆಬ್ರವರಿ ಮೊದಲ ವಾರದವರೆಗೆ ಚಾಚಿದೆ. "ಸಂಕ್ರಾಂತಿ ಆಗಲಿ" ಎಂದು ಕಾದವನಿಗೆ ಅಂತಹ ವರ್ಷದಲ್ಲಿ ಸಂಕ್ರಾಂತಿಯ ಮರುದಿನ "ಪುಷ್ಯ ಕಳೆಯಲಿ" ಎಂಬ ಉತ್ತರ ಸಿಗುತ್ತದೆ. ಆದ್ದರಿಂದ ಮಾರಾಟಕ್ಕೆ ಹೊರಟವರು ಅಧಿಕ ಮಾಸದ ನಂತರದ ಚಳಿಗಾಲವನ್ನು ಮೊದಲೇ ಗುರುತು ಹಾಕಿಕೊಳ್ಳುವುದು ಒಳಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ನಿಷೇಧವಿರುವುದು ಹೊಸ ಮನೆಗೆ ಕಾಲಿಡುವುದಕ್ಕೆ. ಕಾಗದಪತ್ರ ಪರಿಶೀಲಿಸುವುದಕ್ಕೆ, ವಕೀಲರ ಅಭಿಪ್ರಾಯ ಪಡೆಯುವುದಕ್ಕೆ, ಬ್ಯಾಂಕಿನಲ್ಲಿ ಗೃಹಸಾಲದ ಅರ್ಜಿ ಕೊಡುವುದಕ್ಕೆ ಯಾವ ಪುರೋಹಿತರೂ ಮುಹೂರ್ತ ಕೇಳುವುದಿಲ್ಲ. ಗೃಹಸಾಲ ಪಡೆದು ಕೊಳ್ಳುವವನಿಗೆ ಇಷ್ಟು ಕೆಲಸಕ್ಕೇ ಹಲವು ವಾರಗಳು ಬೇಕು. ಡಿಸೆಂಬರ್ ಕೊನೆಯಲ್ಲಿ ಮಾತು ಆರಂಭವಾದರೆ ಕ್ರಯಪತ್ರದ ದಿನ ತಾನಾಗಿಯೇ ಮಾಘಕ್ಕೆ ಬೀಳುತ್ತದೆ. ಮುಂಗಡ ಕೊಡುವುದಕ್ಕೂ ಅಳುಕುವ ಗ್ರಾಹಕರು ಕೆಲವರಿದ್ದಾರೆ; ಅವರೊಡನೆ ವಾದಿಸಿ ಫಲವಿಲ್ಲ. ಬೆಲೆಯನ್ನು ಮಾತಿನಲ್ಲಿ ನಿಶ್ಚಯಿಸಿ, ಕಾಗದಗಳ ನಕಲು ಕೊಟ್ಟು ಕಳುಹಿಸಿದರೆ ಅವರ ಮನಸ್ಸಿಗೂ ನೆಮ್ಮದಿ, ಕೆಲಸವೂ ನಿಲ್ಲುವುದಿಲ್ಲ. ಈ ಕಟ್ಟಳೆಯೇ ಇಲ್ಲದ ಕ್ರೈಸ್ತ, ಮುಸ್ಲಿಂ ಗ್ರಾಹಕರೂ ಇದ್ದಾರೆ ಎಂಬುದನ್ನು ದಲ್ಲಾಳಿಗಳು ಅನೇಕ ಬಾರಿ ಮರೆಯುತ್ತಾರೆ.

ಹಣ ಓಡಾಡುವ ಕಾಲ

ಮಂಡಿ ಪೇಟೆಗಳ ವರ್ತಕರಿಗೆ ಹೇಳಬೇಕಾಗಿಲ್ಲ: ಚಳಿಗಾಲವೇ ಒಕ್ಕಲುತನದ ಹಣ ಪೇಟೆಗೆ ಬರುವ ಕಾಲ. ಚಿಕ್ಕಮಗಳೂರು, ಹಾಸನ, ಕೊಡಗಿನಲ್ಲಿ ಅರೇಬಿಕಾ ಕಾಫಿಯ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೆ. ರೋಬಸ್ಟಾ ಅದರ ಹಿಂದೆಯೇ ಬರುತ್ತದೆ. ಮಲೆನಾಡಿನಲ್ಲಿ ಅಡಿಕೆ ಸುಲಿದು ಬೇಯಿಸಿ ಒಣಗಿಸುವ ಕೆಲಸ ಇದೇ ದಿನಗಳಲ್ಲಿ ನಡೆಯುತ್ತದೆ. ಕಲಬುರಗಿ ಸೀಮೆಯ ತೊಗರಿ ಡಿಸೆಂಬರ್-ಜನವರಿಯಲ್ಲಿ ಕಣಕ್ಕೆ ಬಂದರೆ, ರಾಯಚೂರಿನ ಪೇಟೆಯಲ್ಲಿ ಹತ್ತಿಯ ಆವಕ ಜೋರಾಗಿರುತ್ತದೆ. ಮಕ್ಕಳ ವಿದ್ಯಾಭ್ಯಾಸಕ್ಕೆಂದು ಜಿಲ್ಲಾ ಕೇಂದ್ರದಲ್ಲಿ ಮನೆ ಕೊಳ್ಳುವ ಬೆಳೆಗಾರನ ಕೈಯಲ್ಲಿ ಹಣವಿರುವುದು ಜನವರಿಯಿಂದ ಮಾರ್ಚ್‌ವರೆಗೆ. ಅವನು ಮನೆ ಹುಡುಕಲು ಆರಂಭಿಸುವುದು ಸಹಜವಾಗಿ ಅದಕ್ಕೂ ಸ್ವಲ್ಪ ಮೊದಲೇ.

ಮತ್ತೊಂದು ವರ್ಗವೂ ಇದೆ. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ರಜೆಗೆ ಅಮೆರಿಕ, ಯೂರೋಪುಗಳಿಂದ ಊರಿಗೆ ಬರುವ ಕನ್ನಡಿಗರು ತಂದೆ-ತಾಯಿಯರಿಗಾಗಿ ಮನೆ ನೋಡುವುದು ಈ ಎರಡು ಮೂರು ವಾರಗಳಲ್ಲೇ. ಅವರಿಗೆ ಜನವರಿ ಮೊದಲ ವಾರ ವಿಮಾನ ಹತ್ತುವ ತುರ್ತು ಇರುತ್ತದೆ. ಸಿದ್ಧವಾಗಿರುವ ಕಾಗದಪತ್ರಗಳಿಗೆ ಇವರು ಕೊಡುವಷ್ಟು ಬೆಲೆಯನ್ನು ಬೇರೆಯವರು ಕೊಡುವುದಿಲ್ಲ. ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ನೆಲೆಗೊಳ್ಳಬೇಕೆನ್ನುವ ಕುಟುಂಬಗಳೂ ಜನವರಿಯಿಂದಲೇ ಹುಡುಕಾಟದಲ್ಲಿರುತ್ತವೆ. ಒಟ್ಟಿನಲ್ಲಿ ಧನುರ್ಮಾಸದಲ್ಲಿ ಮನೆಯ ಗೇಟು ತಟ್ಟುವವರ ಸಂಖ್ಯೆ ಕಡಿಮೆ. ಆದರೆ ಸುಮ್ಮನೆ ನೋಡಿ ಹೋಗುವವರೂ ಅಷ್ಟೇ ಕಡಿಮೆ.

ಮನೆಯನ್ನು ತೋರಿಸುವ ಬಗೆಯಲ್ಲಿಯೂ ಕಾಲದ ಲಾಭವಿದೆ. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಸೂರ್ಯಾಸ್ತ ಸುಮಾರು 6 ಗಂಟೆಗೆ. ಕಾರ್ಖಾನೆ, ಕಚೇರಿ ಮುಗಿಸಿ ಬರುವ ಗ್ರಾಹಕ ಕತ್ತಲಲ್ಲಿ ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೋಡಿದರೆ ಒಳ್ಳೆಯ ಮನೆಯೂ ಮಂಕಾಗಿ ಕಾಣುತ್ತದೆ. ಸೂರ್ಯನು ದಕ್ಷಿಣಕ್ಕೆ ಓರೆಯಾಗಿರುವ ಈ ದಿನಗಳಲ್ಲಿ ದಕ್ಷಿಣದ ಕಿಟಕಿಯ ಕೋಣೆಗಳಿಗೆ ಬಿಸಿಲು ಒಳಗಿನವರೆಗೂ ಬರುತ್ತದೆ. ಉತ್ತರದ ಕೋಣೆಗಳು ತಣ್ಣಗಿರುತ್ತವೆ. ಬೀದರ್, ವಿಜಯಪುರ, ಬೆಳಗಾವಿಯ ಕೊರೆಯುವ ಬೆಳಗುಗಳಲ್ಲಿ ಈ ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ. ಭಾನುವಾರ ಬೆಳಿಗ್ಗೆ 10ರ ನಂತರ ಕರೆಸಿಕೊಳ್ಳುವುದು ಉತ್ತಮ.

ಹಿಂಗಾರು ಮಳೆ ನಿಂತು ಗೋಡೆ ಒಣಗುವ ಈ ಸಮಯ ಸುಣ್ಣ-ಬಣ್ಣಕ್ಕೆ ಯೋಗ್ಯವಾದುದು. ಆದರೆ ತಾರಸಿಯ ಸೋರಿಕೆಯನ್ನು ಸರಿಪಡಿಸದೆ ಕಲೆಯ ಮೇಲೆ ಬಣ್ಣ ಹೊಡೆಸುವುದು ಬುದ್ಧಿವಂತಿಕೆಯಲ್ಲ. ಕೊಳವೆಬಾವಿಯ ವಿಷಯವೂ ಹಾಗೆಯೇ. ಮಳೆಗಾಲದ ಬೆನ್ನಿಗೆ ಚೆನ್ನಾಗಿ ನೀರು ಕೊಡುವ ಬಾವಿ ಏಪ್ರಿಲ್‌ನಲ್ಲಿ ಕೈಕೊಡಬಹುದು. ಕಳೆದ ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದ್ದರೆ ಹೇಳಿಬಿಡುವುದು ಮೇಲು. ಸಾಮಾನ್ಯ ಎಚ್ಚರಿಕೆಯಿಂದ ಕೊಳ್ಳುವವನಿಗೆ ಕಾಣಸಿಗದ, ಮಾರುವವನಿಗೆ ಮಾತ್ರ ತಿಳಿದಿರುವ ಪ್ರಮುಖ ದೋಷವನ್ನು ತಿಳಿಸುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ ಮಾರುವವನ ಕರ್ತವ್ಯ.

ಕಾಯುವುದಕ್ಕೆ ತಗಲುವ ವೆಚ್ಚ

ಇಷ್ಟೆಲ್ಲ ಇದ್ದರೂ ಡಿಸೆಂಬರ್‌ನಲ್ಲಿ ಬರುವ ಗ್ರಾಹಕನಿಗೆ ಮಾರುವವನ ಅವಸರ ತಿಳಿದಿರುತ್ತದೆ. "ಈಗಲೇ ಆದರೆ ಇಷ್ಟು" ಎಂದು ಬೆಲೆ ಇಳಿಸುತ್ತಾನೆ. ಒಪ್ಪಬೇಕೇ, ಬೇಡವೇ? ಇದಕ್ಕೆ ಭಾವನೆಯಿಂದಲ್ಲ, ಲೆಕ್ಕದಿಂದ ಉತ್ತರ ಹುಡುಕಬೇಕು.

ಉದಾಹರಣೆಗಾಗಿ ಒಂದು ಲೆಕ್ಕ ಹಿಡಿಯೋಣ. ಮನೆಯ ಬೆಲೆ 90 ಲಕ್ಷ ರೂಪಾಯಿ. ಅದರ ಮೇಲೆ ಉದ್ಯಮಕ್ಕಾಗಿ ಪಡೆದ ಸಾಲದ ಬಾಕಿ 40 ಲಕ್ಷ. ಬಡ್ಡಿ ವರ್ಷಕ್ಕೆ ಶೇ. 11. ಎರಡು ತಿಂಗಳು ಕಾದರೆ ತಗಲುವ ಬಡ್ಡಿ ಸುಮಾರು 73 ಸಾವಿರ ರೂಪಾಯಿ. ಗ್ರಾಹಕ ಕೇಳುತ್ತಿರುವ ಇಳಿಕೆ ಶೇ. 5 ಎಂದಾದರೆ ಅದು 4 ಲಕ್ಷ 50 ಸಾವಿರ. ಸಾಲದ ಖಾತೆ ಕ್ರಮಬದ್ಧವಾಗಿರುವಾಗ ಹೆದರಿ ಬೆಲೆ ಬಿಡುವುದು ತಪ್ಪು ಎಂಬುದಕ್ಕೆ ಇಷ್ಟು ಸಾಕು. ಕಾದು ಮಾಘದಲ್ಲಿ ಮಾರುವವನೇ ಇಲ್ಲಿ ಲಾಭದಲ್ಲಿರುತ್ತಾನೆ.

ಖಾತೆ ಕ್ರಮ ತಪ್ಪಿದ್ದರೆ ಲೆಕ್ಕವೇ ಬೇರೆಯಾಗುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಸಾಲದ ಕಂತು ಅಥವಾ ಬಡ್ಡಿ 90 ದಿನಗಳಿಗಿಂತ ಹೆಚ್ಚು ಬಾಕಿ ಉಳಿದರೆ ಖಾತೆ ಅನುತ್ಪಾದಕವಾಗುತ್ತದೆ. ಓವರ್‌ಡ್ರಾಫ್ಟ್, ಕ್ಯಾಶ್ ಕ್ರೆಡಿಟ್ ಖಾತೆಗಳು ಮಿತಿಯನ್ನು ಮೀರಿ ನಿರಂತರವಾಗಿ 90 ದಿನ ಉಳಿದರೂ ಅದೇ ಗತಿ. ದೀಪಾವಳಿಯ ಹೊತ್ತಿಗೆ ಮಿತಿ ಮೀರಿದ ಖಾತೆಯ 90 ದಿನಗಳು ಮುಗಿಯುವುದು ಜನವರಿ ಕೊನೆ ಅಥವಾ ಫೆಬ್ರವರಿ ಆರಂಭಕ್ಕೆ. ಅಂದರೆ ಈ ಅವಧಿಯ ಒಂದು ದೊಡ್ಡ ಭಾಗ ಶೂನ್ಯ ಮಾಸದೊಳಗೇ ಕಳೆದುಹೋಗುತ್ತದೆ. ಈ ವರ್ಗೀಕರಣ ಸಾಲಗಾರನನ್ನು ನೋಡಿ ಮಾಡುವುದೇ ಹೊರತು ಒಂದೊಂದು ಖಾತೆಯನ್ನು ನೋಡಿಯಲ್ಲ. ಒಂದು ಖಾತೆ ಕೆಟ್ಟರೆ ಅದೇ ಬ್ಯಾಂಕಿನಲ್ಲಿರುವ ಯಂತ್ರೋಪಕರಣದ ಸಾಲವೂ ಅದರೊಂದಿಗೆ ಕೆಡುತ್ತದೆ.

ಅನಂತರ ಬರುವುದು 2002ರ ಸರ್ಫೇಸಿ ಕಾಯ್ದೆಯ ನೋಟಿಸು. ಅದರಲ್ಲಿ 60 ದಿನಗಳ ಗಡುವಿರುತ್ತದೆ ಎಂದು ಅನೇಕರು ನಿರಾಳರಾಗುತ್ತಾರೆ. ಆದರೆ ಅದೇ ಕಾಯ್ದೆಯ 13ನೇ ಕಲಮಿನ 13ನೇ ಉಪಕಲಮಿನ ಪ್ರಕಾರ, ನೋಟಿಸು ತಲುಪಿದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಅಡಮಾನದ ಮನೆಯನ್ನು ಮಾರುವಂತಿಲ್ಲ. ಹರಾಜಿನ ಪ್ರಕಟಣೆ ಹೊರಬೀಳುವ ಮೊದಲು ಪೂರ್ಣ ಬಾಕಿ ಕಟ್ಟಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕು ಇದೆ. ಪ್ರಕಟಣೆಯ ನಂತರ ಆ ಹಕ್ಕು ಉಳಿಯುವುದಿಲ್ಲ ಎಂಬುದನ್ನು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಸ್ಪಷ್ಟಪಡಿಸಿದೆ. ಪತ್ರಿಕೆಯಲ್ಲಿ ಹರಾಜಿನ ಜಾಹೀರಾತು ಬಂದ ಮನೆಗೆ ಗ್ರಾಹಕರು ಕೂಗುವ ಬೆಲೆ ಎಂತಹುದೆಂದು ವರ್ತಕರಿಗೆ ವಿವರಿಸಬೇಕಾಗಿಲ್ಲ. ಇಂತಹ ಸ್ಥಿತಿಯಲ್ಲಿ ಶೇ. 5ರ ಇಳಿಕೆ ನಷ್ಟವಲ್ಲ. ಡಿಸೆಂಬರ್‌ನಲ್ಲೇ ಕರಾರು ಮಾಡಿ, ಬಂದ ಮುಂಗಡವನ್ನು ನೇರವಾಗಿ ಸಾಲದ ಖಾತೆಗೆ ಕಟ್ಟಿ, ಬಾಕಿಯನ್ನು 90 ದಿನಗಳ ಒಳಗೆ ತೀರಿಸಿ ಖಾತೆಯನ್ನು ಕ್ರಮಕ್ಕೆ ತರುವುದೇ ವಿವೇಕ. ಬ್ಯಾಂಕಿನ ವ್ಯವಸ್ಥಾಪಕರಿಗೆ ವಿಷಯವನ್ನು ಮೊದಲೇ ಬರವಣಿಗೆಯಲ್ಲಿ ತಿಳಿಸಿ, ಬಾಕಿಯ ಮೊತ್ತದ ಪತ್ರ ಪಡೆದಿಟ್ಟುಕೊಳ್ಳಬೇಕು. ಕೊಳ್ಳುವವನ ಬ್ಯಾಂಕು ಅಷ್ಟು ಹಣವನ್ನು ನೇರವಾಗಿ ಸಾಲದ ಖಾತೆಗೇ ಪಾವತಿಸುವುದು ಈಗ ಸಾಮಾನ್ಯ ಪದ್ಧತಿ.

ಸಾಲ ತೀರಿದ 30 ದಿನಗಳೊಳಗೆ ಮೂಲಪತ್ರ ಮರಳಿಸಬೇಕು, ತಪ್ಪಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ಆದೇಶ 2023ರ ಡಿಸೆಂಬರ್ 1ರಿಂದ ಜಾರಿಗೆ ಬಂದಿತು. ಅದನ್ನು ಹೊರಡಿಸಿದ್ದು ಗೃಹಸಾಲವೂ ಸೇರಿದಂತೆ ವೈಯಕ್ತಿಕ ಸಾಲಗಳಿಗೆ. ಉದ್ಯಮದ ಸಾಲ ಪಡೆದವರು ತಮ್ಮ ಮಂಜೂರಾತಿ ಪತ್ರವನ್ನೇ ಓದಿ ನೋಡಬೇಕು.

ಕರಾರು ಡಿಸೆಂಬರ್‌ನಲ್ಲಿ, ಕ್ರಯ ಫೆಬ್ರವರಿಯಲ್ಲಿ

ಈ ನಡುವಿನ ಅಂತರವೇ ಹಲವು ತೊಡಕುಗಳ ಮೂಲ. ಮೊದಲನೆಯದು ನಗದು ಮುಂಗಡ. ಮನೆ ಮಾರಾಟದ ಬಾಬತ್ತು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮೊತ್ತವನ್ನು ನಗದಾಗಿ ಪಡೆಯುವುದು 2015ರ ಜೂನ್ 1ರಿಂದ ನಿಷಿದ್ಧ. ಪಡೆದಷ್ಟೇ ಮೊತ್ತದ ದಂಡಕ್ಕೆ ಅವಕಾಶವಿದೆ. ವ್ಯಾಪಾರದಲ್ಲಿ ನಂಬಿಕೆಯ ಮೇಲೆ ನಗದು ಮುಂಗಡ ಪಡೆದು ರೂಢಿಯಾದವರು ಇಲ್ಲಿ ಎಡವುತ್ತಾರೆ.

ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕ ಮುಂಗಡ ಪಡೆಯುವುದರಲ್ಲಿ ಇನ್ನೊಂದು ಪ್ರಯೋಜನವೂ ಇದೆ. ಕರಾರಿಗೂ ಕ್ರಯಪತ್ರಕ್ಕೂ ಮಧ್ಯೆ ಸರ್ಕಾರ ಮಾರ್ಗಸೂಚಿ ಬೆಲೆಯನ್ನು ಏರಿಸಿದರೆ, ಬಂಡವಾಳ ಲಾಭದ ತೆರಿಗೆಯ ಲೆಕ್ಕಕ್ಕೆ ಕರಾರಿನ ದಿನದ ಮಾರ್ಗಸೂಚಿ ಬೆಲೆಯನ್ನೇ ಹಿಡಿಯಬಹುದು. ಆದರೆ ಆ ದಿನವೋ ಅದಕ್ಕೂ ಮೊದಲೋ ಹಣದ ಒಂದು ಭಾಗವಾದರೂ ಬ್ಯಾಂಕಿನ ಮೂಲಕ ಬಂದಿರಬೇಕು. ಕರ್ನಾಟಕದಲ್ಲಿ 2023ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಬೆಲೆಗಳು ಪರಿಷ್ಕರಣೆಯಾದದ್ದನ್ನು ನೆನಪಿಟ್ಟವರಿಗೆ ಇದರ ಮಹತ್ವ ತಿಳಿಯುತ್ತದೆ. ಮುದ್ರಾಂಕ ಶುಲ್ಕಕ್ಕೆ ಈ ರಿಯಾಯಿತಿ ಇಲ್ಲ. ಕೊಳ್ಳುವವನ ಹೊರೆಯೂ ಹೆಚ್ಚಾಗಿದೆ: 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿತು. 90 ಲಕ್ಷದ ಮನೆಗೆ ಇದೊಂದೇ 90 ಸಾವಿರ ರೂಪಾಯಿ ಅಧಿಕ. ಚೌಕಾಸಿಯಲ್ಲಿ ಇದು ಬಂದೇ ಬರುತ್ತದೆ.

ಇ-ಖಾತಾ ಇಲ್ಲದೆ ನಗರಾಡಳಿತ ವ್ಯಾಪ್ತಿಯ ಆಸ್ತಿಯ ನೋಂದಣಿ ನಡೆಯದಂತಹ ವ್ಯವಸ್ಥೆ 2024ರ ಅಕ್ಟೋಬರ್‌ನಿಂದ ಜಾರಿಗೆ ಬಂದಿದೆ. ಹಳೆಯ ಖಾತೆ ತೀರಿಹೋದ ತಂದೆಯ ಹೆಸರಿನಲ್ಲೇ ಇದ್ದರೆ ಅದನ್ನು ಸರಿಪಡಿಸಲು ಈ ಬಿಡುವಿನ ತಿಂಗಳಿಗಿಂತ ಉತ್ತಮ ಸಮಯವಿಲ್ಲ. ಹಾಗೆಯೇ ಸಹಿಗಳ ವಿಚಾರ. ಪಿತ್ರಾರ್ಜಿತ ಮನೆಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ ಎಂಬುದು 2005ರ ತಿದ್ದುಪಡಿಯಿಂದಲೂ 2020ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದಲೂ ನಿಶ್ಚಿತವಾಗಿದೆ. ಅಕ್ಕ-ತಂಗಿಯರು ಎಳ್ಳು-ಬೆಲ್ಲಕ್ಕೆ ತವರಿಗೆ ಬಂದಾಗ ಮಾತಾಡಿ ಒಪ್ಪಿಗೆ ಪಡೆಯುವುದು ಸುಲಭ. ಫೆಬ್ರವರಿಯಲ್ಲಿ ಕ್ರಯದ ಹಿಂದಿನ ದಿನ ದೂರವಾಣಿಯಲ್ಲಿ ಕೇಳುವುದು ಮನಸ್ತಾಪಕ್ಕೆ ದಾರಿ. ಸಹಮಾಲೀಕರಲ್ಲಿ ಒಬ್ಬರು ಅನಿವಾಸಿಯಾಗಿದ್ದರೆ ಅವರ ಪಾಲಿನ ಮೇಲೆ ಶೇ. 1ರ ಮೂಲ ತೆರಿಗೆ ಕಡಿತದ ನಿಯಮ ಅನ್ವಯಿಸುವುದಿಲ್ಲ. ಕಡಿತ ಅದಕ್ಕಿಂತ ಬಹಳ ಹೆಚ್ಚು. ಕಡಿಮೆ ದರದ ಕಡಿತಕ್ಕೆ ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ಪಡೆಯಲು ಕಾಲಾವಕಾಶ ಬೇಕಾದ್ದರಿಂದ ಆ ಅರ್ಜಿಯನ್ನೂ ಡಿಸೆಂಬರ್‌ನಲ್ಲೇ ಹಾಕಬೇಕು.

ನೋಂದಣಿಯನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳುವುದು ಅಪಾಯಕರ. 2025ರ ಫೆಬ್ರವರಿ ಆರಂಭದಲ್ಲಿ ಕಾವೇರಿ 2.0 ತಂತ್ರಾಂಶದ ಮೇಲೆ ನಡೆದ ಸೈಬರ್ ದಾಳಿಯಿಂದ ರಾಜ್ಯಾದ್ಯಂತ ನೋಂದಣಿ ಕುಂಠಿತಗೊಂಡು, ಮುಹೂರ್ತ ನೋಡಿ ಬಂದವರು ಉಪನೋಂದಣಿ ಕಚೇರಿಗಳಿಂದ ಬರಿಗೈಯಲ್ಲಿ ಹಿಂದಿರುಗಬೇಕಾಯಿತು. ಕರಾರಿನಲ್ಲಿ ಕ್ರಯದ ಗಡುವಿಗೆ ಹದಿನೈದು ದಿನ ಹೆಚ್ಚುವರಿ ಇರಿಸಿಕೊಂಡರೆ ಇಂತಹ ಸಂದರ್ಭದಲ್ಲಿ ಕರಾರು ಮುರಿಯುವ ಪ್ರಶ್ನೆ ಏಳುವುದಿಲ್ಲ.

ಮಾರ್ಚ್ 31ರ ಈಚೆ, ಆಚೆ

ಎರಡು ವರ್ಷಕ್ಕಿಂತ ಹೆಚ್ಚು ಕಾಲ ಒಡೆತನದಲ್ಲಿದ್ದ ಮನೆಯ ಲಾಭಕ್ಕೆ 2024ರ ಜುಲೈ 23ರಿಂದ ತೆರಿಗೆ ಶೇ. 12.5. ಆ ದಿನಕ್ಕಿಂತ ಮೊದಲು ಕೊಂಡ ಮನೆಯಾದರೆ, ನಿವಾಸಿ ವ್ಯಕ್ತಿಗಳು ಮತ್ತು ಹಿಂದೂ ಅವಿಭಕ್ತ ಕುಟುಂಬಗಳು ಹಣದುಬ್ಬರದ ಸೂಚ್ಯಂಕದೊಂದಿಗೆ ಶೇ. 20ರ ಹಳೆಯ ಲೆಕ್ಕವನ್ನೂ ಹಾಕಿ ನೋಡಿ, ಕಡಿಮೆಯಾದುದನ್ನು ಕಟ್ಟಬಹುದು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾದರೂ ಬೇರೊಂದು ಮನೆ ಕೊಂಡು ವಿನಾಯಿತಿ ಪಡೆಯುವ ತತ್ತ್ವ ಮುಂದುವರಿದಿದೆ: ಎರಡು ವರ್ಷದೊಳಗೆ ಕೊಳ್ಳಬೇಕು ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಬೇಕು. ಸಾಲ ತೀರಿಸಲು ಬಳಸಿದ ಹಣಕ್ಕೆ ಈ ವಿನಾಯಿತಿ ಇಲ್ಲ ಎಂಬುದನ್ನು ಉದ್ಯಮಿಗಳು ತಿಳಿದಿರಬೇಕು. 90 ಲಕ್ಷ ಬಂದಿತೆಂದು ಎಲ್ಲವನ್ನೂ ಕಾರ್ಖಾನೆಗೆ ಹಾಕಿದವನು ತೆರಿಗೆಗೆ ಮತ್ತೆ ಸಾಲ ಮಾಡಬೇಕಾದೀತು.

ಡಿಸೆಂಬರ್ 15ರ ನಂತರ ಬಂದ ಲಾಭದ ಮುಂಗಡ ತೆರಿಗೆಯನ್ನು ಮಾರ್ಚ್ 15ರ ಕಂತಿನಲ್ಲಿ ಕಟ್ಟಿದರೆ ಹಿಂದಿನ ಕಂತುಗಳಿಗೆ ಬಡ್ಡಿ ಬೀಳುವುದಿಲ್ಲ. ಹೊಸ ಮನೆಗೆ ಬಳಸದ ಹಣವನ್ನು ವಿವರಪಟ್ಟಿ ಸಲ್ಲಿಸುವ ಗಡುವಿನೊಳಗೆ ಬಂಡವಾಳ ಲಾಭ ಖಾತೆಯಲ್ಲಿ ಇಡಬೇಕಾಗುತ್ತದೆ. ಫೆಬ್ರವರಿಯಲ್ಲಿ ಮಾರಿದವನಿಗೆ ಇದಕ್ಕೆ ಸಿಗುವುದು ಕೆಲವೇ ತಿಂಗಳು. ಏಪ್ರಿಲ್‌ನಲ್ಲಿ ಮಾರಿದವನಿಗೆ ಒಂದು ವರ್ಷಕ್ಕೂ ಹೆಚ್ಚು. ಸಾಲದ ಒತ್ತಡವಿಲ್ಲದವರು, ಇನ್ನೊಂದು ಮನೆ ಹುಡುಕಬೇಕಾದವರು ಕ್ರಯವನ್ನು ಏಪ್ರಿಲ್‌ಗೆ ಇಟ್ಟುಕೊಳ್ಳುವ ಬಗ್ಗೆ ತಮ್ಮ ಲೆಕ್ಕಪರಿಶೋಧಕರನ್ನು ಕೇಳುವುದು ಲೇಸು.

ಕೊನೆಗೆ ಒಂದು ಸಣ್ಣ ವಿಷಯ. ಅನೇಕ ವರ್ತಕರ ಜಿಎಸ್‌ಟಿ ನೋಂದಣಿ, ಉದ್ಯಮ್ ನೋಂದಣಿ, ಚಾಲ್ತಿ ಖಾತೆಯ ವಿಳಾಸ ಎಲ್ಲವೂ ಮನೆಯದೇ ಆಗಿರುತ್ತವೆ. ವ್ಯವಹಾರದ ಮುಖ್ಯ ಸ್ಥಳ ಬದಲಾದರೆ 15 ದಿನಗಳೊಳಗೆ ಜಿಎಸ್‌ಟಿ ತಿದ್ದುಪಡಿಗೆ ಅರ್ಜಿ ಸಲ್ಲಿಸಬೇಕು. ಕೊಂಡವರು ಮಾಘದಲ್ಲಿ ಹಾಲುಕ್ಕಿಸಿ ಒಕ್ಕಲಾದ ಮೇಲೆ ಹಳೆಯ ಒಡೆಯನ ಹೆಸರಿಗೆ ಇಲಾಖೆಯ ಪತ್ರ ಬಂದು ಬಾಗಿಲಲ್ಲಿ ಬಿದ್ದಿರುವುದು ಇಬ್ಬರಿಗೂ ಕಿರಿಕಿರಿ. ಹೊಸ ವಿಳಾಸದ ಬಾಡಿಗೆ ಕರಾರು ಮತ್ತು ವಿದ್ಯುತ್ ಬಿಲ್ಲಿನ ನಕಲು ಕ್ರಯದ ವಾರದಲ್ಲೇ ಕೈಯಲ್ಲಿರಬೇಕು.